ಹನ್ನೊಂದು ಮೊಳೆಯ ತೂಕ

ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ನಿಲ್ಲಿಸಿರುತ್ತಾರಲ್ಲ ಹಸಿರು ಬಣ್ಣದ ಫೈಬರ್ ಕೋಲುಗಳು, ಅವುಗಳ ಕುಲದವನಲ್ಲ ನಾನು. ನಾನೂ ಗಾಳದ ಕೋಲೇ. ಆದರೆ ಒಬ್ಬರ ಕೈಯ ಅಳತೆ ತೆಗೆದು, ಆ ಒಂದು ಕೈಗೆಂದೇ ಕಟ್ಟಿದ ಕೋಲು. ಇದನ್ನು ಜಂಬವೆಂದು ತಿಳಿದುಕೊಂಡರೆ ತಿಳಿದುಕೊಳ್ಳಿ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಮೂಲವಾದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ನನ್ನನ್ನು ಮಾಡಿದವರು ಮೈಸೂರಿನ ಮಂಡಿ ಮೊಹಲ್ಲಾದ ದಸ್ತಗೀರ್ ಸಾಬರು. ಅವರ ಮುಖ್ಯ ಕಸುಬು ಕ್ಲಬ್ಬುಗಳ ಬಿಲಿಯರ್ಡ್ಸ್ ಕೋಲು ರಿಪೇರಿ. ಬಿಲಿಯರ್ಡ್ಸ್ ಕೋಲಿಗೂ ಗಾಳದ ಕೋಲಿಗೂ ತೂಕದ ಲೆಕ್ಕ ಒಂದೇ ಎಂದು ಅವರು ಹೇಳುತ್ತಿದ್ದರು. ಬಲಿತ ಬಿದಿರನ್ನು ಆರು ಸೀಳು ಮಾಡಿ, ಪ್ರತಿ ಸೀಳನ್ನೂ ಬಡಗಿಯ ಹತ್ತರಿ ಹಿಡಿದು ಹೆರೆದು, ಆರನ್ನೂ ಕೂಡಿಸಿ ಅಂಟು ಹಾಕಿದರು. ಕ್ಲಬ್ಬಿನ ಸೀಸೆಗಳ ಬಿರಡೆಗಳನ್ನು ಬಿಲ್ಲೆಬಿಲ್ಲೆಯಾಗಿ ಕುಯ್ದು ಹಿಡಿಕೆ ಮಾಡಿದರು. ದಾರ ಹಾಯುವ ಉಂಗುರಗಳನ್ನು ಕೆಂಪು ರೇಷ್ಮೆಯಲ್ಲಿ ಸುತ್ತಿ ಕಟ್ಟಿದರು. ಸೀಸೆಗಳು ಖಾಲಿಯಾದ ಸಂಜೆಗಳ ವಾಸನೆ ಬಹಳ ದಿನ ನನ್ನ ಹಿಡಿಕೆಯಲ್ಲಿತ್ತು. ಇಷ್ಟಾದರೂ ನಾನಿನ್ನೂ ಕೋಲಾಗಿರಲಿಲ್ಲ. ತೂಕ ಕೂಡಿಸುವುದು ಬಾಕಿಯಿತ್ತು.

ನನ್ನನ್ನು ಹೇಳಿ ಮಾಡಿಸಿದವರು ಇನ್ನಾಸಪ್ಪ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದಲ್ಲಿ ಎರಕ ಹೊಯ್ದ ಅಕ್ಷರ. ಒಂದೊಂದೇ ಮೊಳೆಯನ್ನು ಎತ್ತಿಕೊಂಡು, ಅದರ ಬೆನ್ನ ಮೇಲಿನ ಗೀರನ್ನು ಹೆಬ್ಬೆರಳಲ್ಲಿ ಸವರಿ ನೋಡಿ, ನೆಟ್ಟಗೆ ತಿರುಗಿಸಿ ಸಾಲಿಗಿಡುವುದು ಅವರ ಕೆಲಸ. ನಿವೃತ್ತಿಯಾದ ವರ್ಷವೇ ಅವರಿಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಮಾತು ಸುಧಾರಿಸಿತು, ಬಲಗೈ ಮಾತ್ರ ಸೋತುಹೋಯಿತು. ಆ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಆದರೆ ಹೆಬ್ಬೆರಳು ಮಾತ್ರ ತೋರುಬೆರಳ ಮೇಲೆ ಮೂರು ಸಲ ಉರುಳುತ್ತಿತ್ತು, ಇಲ್ಲದ ಮೊಳೆಯ ಗೀರು ಹುಡುಕುವ ಹಾಗೆ. ಆಮೇಲೆ ಒಂದು ಗಳಿಗೆ ಸುಮ್ಮನಿರುತ್ತಿತ್ತು. ಮತ್ತೆ ಮೂರು ಸಲ.

ಅವರ ಜೊತೆ ಬಂದವಳು ಮಗಳು ಸಿಸಿಲಿಯಾ. ಕಾನ್ವೆಂಟ್ ಶಾಲೆಯಲ್ಲಿ ಟೀಚರು. ಮದುವೆಯಾಗಿರಲಿಲ್ಲ. ತಾಯಿ ಇಲ್ಲದ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ.

"ಸಾಬ್ರೇ, ಅಪ್ಪ ಚಿಕ್ಕಂದಿನಿಂದ ಗಾಳ ಹಾಕ್ದೋರು. ಈಗ ಕೋಲು ಹಿಡಿದ್ರೆ ಜಾರಿ ಬಿದ್ದೋಗತ್ತೆ. ಈ ಕೈಲೇ ಹಿಡಿಯೋ ಹಾಗೆ ಒಂದು ಮಾಡಿಕೊಡ್ತೀರಾ?" ಎಂದು ಅವಳು ಕೇಳಿದಳು.

ಸಾಬರು ಕೋಲಿನ ಬದಲು ಕೈಯನ್ನೇ ನೋಡಿದರು. ನನ್ನನ್ನು ಕಟ್ಟಿ ಮುಗಿಸಿದ ದಿನ ಇನ್ನಾಸಪ್ಪನವರನ್ನು ಬೆಂಚಿನ ಮೇಲೆ ಕೂರಿಸಿ, ರೀಲು ಸಿಕ್ಕಿಸಿದ ನನ್ನನ್ನು ಅವರ ಕೈಗಿಟ್ಟು, "ಹಿಡೀಬೇಡಿ ಸ್ವಾಮಿ, ಕೈ ಬಿಟ್ಬಿಡಿ ಅದ್ರ ಪಾಡಿಗೆ" ಎಂದರು. ನನ್ನ ತುದಿ ಧೊಪ್ಪೆಂದು ನೆಲಕ್ಕೆ ಬಿತ್ತು. ತುದಿ ಭಾರವಾದರೆ ಬುಡಕ್ಕೆ ತೂಕ ಹಾಕಬೇಕು. ನನ್ನ ಬುಡದಲ್ಲಿ ಅದಕ್ಕೆಂದೇ ಒಂದು ಗೂಡು ಕೊರೆದಿದ್ದರು. ಸಾಬರು ಸೀಸದ ಚೂರು ಹುಡುಕಲು ಹೊರಟಾಗ ಇನ್ನಾಸಪ್ಪ ಎಡಗೈಯಿಂದ ಜೇಬು ತಡಕಿ ಒಂದು ನಶ್ಯದ ಡಬ್ಬಿ ತೆಗೆದರು. ಅಚ್ಚುಕೂಟ ಬಿಡುವಾಗ ನೆನಪಿಗೆಂದು ತಂದ ಮೊಳೆಗಳು ಅದರಲ್ಲಿದ್ದವು.

"ಇದೂ ಸೀಸಾನೇ ಅಲ್ವಾ?" ಎಂದರು.

ಸಾಬರು ಒಂದು ಮೊಳೆ ಹಾಕಿದರು. ನನ್ನ ತುದಿ ನೆಲ ಬಿಟ್ಟಿತು. ಎರಡು, ಮೂರು, ಐದು. ಒಂದೊಂದು ಹಾಕಿದಾಗಲೂ ಮತ್ತೆ ಕೈಗಿಟ್ಟು, ಕುಕ್ಕರಗಾಲಲ್ಲಿ ಕೂತು ಕೈಯನ್ನೇ ನೋಡುತ್ತಿದ್ದರು. ಹತ್ತನೆಯದಕ್ಕೆ ಹೆಚ್ಚುಕಡಿಮೆ ಸಮವಾದೆ. ಅಲ್ಲಿಗೆ ಸಾಕೆಂದು ಮುಚ್ಚಳ ತಿರುಗಿಸಲು ಹೋದವರು ಆ ನಡುಗುವ ಬೆರಳುಗಳನ್ನು ಇನ್ನೊಮ್ಮೆ ನೋಡಿದರು. ಏನನ್ನಿಸಿತೋ, ಹನ್ನೊಂದನೆಯದನ್ನೂ ಹಾಕಿದರು.

ನಾನು ನಿಂತೆ. ಇನ್ನಾಸಪ್ಪನವರ ನಾಲ್ಕು ಬೆರಳ ಮೇಲೆ ನೆಲಕ್ಕೆ ಸಮನಾಗಿ, ತುದಿಯೂ ಬೀಳದೆ ಬುಡವೂ ಬೀಳದೆ ನಿಂತೆ. ಕೈಯ ನಡುಕವೂ ನಿಂತಿತು. ಸಿಸಿಲಿಯಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳೋ ಅತ್ತಳೋ, ಕೆಳಗಿದ್ದ ನನಗೆ ತಿಳಿಯಲಿಲ್ಲ. ಆ ಗಳಿಗೆಯಲ್ಲಿ ನಾನು ಆ ಕೈಯನ್ನು ಬಾಯಿಪಾಠ ಮಾಡಿಕೊಂಡೆ. ಬೇರೆ ಕೈಗಳೂ ಜಗತ್ತಿನಲ್ಲಿ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಆರು ವರ್ಷ ನಾವು ಕಾವೇರಿಯ ದಡಕ್ಕೆ ಹೋದೆವು. ಭಾನುವಾರ ಚರ್ಚಿನ ಬಲಿಪೂಜೆ ಮುಗಿಸಿಕೊಂಡು ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಗೆ ಕಡವಿನಕೊಪ್ಪಲು. ಅಲ್ಲಿ ಹೊಳೆ ತಿರುಗುವ ಕಡೆ ಒಂದು ಮಡುವಿತ್ತು, ಮಡುವಿನ ಮೇಲೆ ಚಪ್ಪಟೆ ಬಂಡೆ. ಸಿಸಿಲಿಯಾ ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಿ ಕೊಡುವಳು. ಇನ್ನಾಸಪ್ಪ ಮೊಣಕೈಯನ್ನು ಮಂಡಿಗೆ ಊರಿ ನನ್ನನ್ನು ಹಿಡಿದು ಕೂರುವರು. ಗೆಂಡೆ ಸಿಗುತ್ತಿತ್ತು, ಜಿಲೇಬಿ ಮೀನು ಸಿಗುತ್ತಿತ್ತು, ಒಮ್ಮೊಮ್ಮೆ ಕಾಟ್ಲ. ಅವಳು ಪಕ್ಕದಲ್ಲಿ ಮಕ್ಕಳ ನೋಟ್‌ಬುಕ್ ತಿದ್ದುತ್ತ ಶಾಲೆಯ ಸುದ್ದಿ ಹೇಳುತ್ತಿದ್ದಳು. ಹೆಡ್‌ಮಿಸ್ಟ್ರೆಸ್ ಏನಂದರು, ಮೂರನೇ ಕ್ಲಾಸಿನವರು ಗೋಡೆಯ ಹಲ್ಲಿಗೆ ಏನು ಹೆಸರಿಟ್ಟರು, ಎಲ್ಲ. ಅವರು ಹೂಂಗುಟ್ಟುವುದು ಕಡಿಮೆ. ನನ್ನ ತುದಿ ಸಮನಾಗಿದ್ದರೆ ಅಪ್ಪ ಕೇಳುತ್ತಿದ್ದಾರೆ ಎಂದು ಅವಳ ಲೆಕ್ಕ.

ಒಂದು ಭಾನುವಾರ, ಬಿಸಿಲು ಇಳಿಯುವ ಹೊತ್ತು, ಅವಳು ನಲವತ್ತು ನೋಟ್‌ಬುಕ್ ತಿದ್ದಿ ಮುಗಿಸಿದಳು. ಅಷ್ಟು ಹೊತ್ತೂ ಮಾತಾಡುತ್ತಲೇ ಇದ್ದಳು. ಅವತ್ತು ಅವಳು ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತಿದ್ದಳು. ಆ ಮಾತು ನನ್ನದಲ್ಲವಾದ್ದರಿಂದ ಇಲ್ಲಿ ಹೇಳುವುದಿಲ್ಲ. ಕೊನೆಗೆ, "ನೀನೇನಂತೀಯ ಅಪ್ಪಾ?" ಎಂದು ಕೇಳಿದಳು. ಭುಜ ಮುಟ್ಟಿದಳು. ಭುಜ ತಣ್ಣಗಿತ್ತು.

ಜೀವ ಹೋಗಿ ಅರ್ಧ ಗಂಟೆಯಾದರೂ ಆಗಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರಂತೆ. ಅಷ್ಟು ಹೊತ್ತೂ ನನ್ನ ತುದಿ ಅಲುಗಿರಲಿಲ್ಲ. ನನಗೂ ಗೊತ್ತಾಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನು ಅಷ್ಟು ಸಮವಾಗಿದ್ದೆ. ನನ್ನನ್ನು ಹಿಡಿಯಲು ಜೀವವೇ ಬೇಕಿರಲಿಲ್ಲ.

ಬೆರಳುಗಳು ಬಿಡಲಿಲ್ಲ. ದಡದಲ್ಲಿದ್ದವರು ಎಳೆದು ನೋಡಿ ಸುಮ್ಮನಾದರು. ಅಂಬಾಸಿಡರ್ ಕಾರು ತರಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕಿಟಕಿಯ ಆಚೆ ಆರಡಿ ಉದ್ದ ನಾನು ಚಾಚಿಕೊಂಡಿದ್ದೆ. ಮೈಸೂರಿನವರೆಗೂ ಗಾಳಿಯಲ್ಲಿ ನೆಟ್ಟಗೆ, ನೀರಿನ ಮೇಲಿದ್ದ ಹಾಗೆಯೇ ಇದ್ದೆ. ಎದುರು ಬಂದ ಎತ್ತಿನ ಗಾಡಿಯವನೊಬ್ಬ ಮೀನು ಹಿಡಿಯುವವರ ಕಾರೆಂದು ನಗುತ್ತ ಕೈ ಬೀಸಿದ.

ಮನೆಯಲ್ಲಿ ಬೆರಳು ಬಿಡಿಸಿದವನು ತುಳಸಿರಾಮ. ಬೀದಿಯ ಮೂಲೆಯಲ್ಲಿ ಅವನ ಕ್ಷೌರದಂಗಡಿ. ಶನಿವಾರ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಮನೆಗೇ ಬಂದು ಇನ್ನಾಸಪ್ಪನವರ ಗಡ್ಡ ಹೆರೆದು ಹೋಗುತ್ತಿದ್ದ. ಬಿಸಿನೀರು, ಸೋಪಿನ ನೊರೆ ತರಿಸಿ, ಮಗುವಿನ ಮುಷ್ಟಿ ಬಿಡಿಸುವಂತೆ ಒಂದೊಂದೇ ಬೆರಳು ಬಿಡಿಸಿದ. ಹೆಬ್ಬೆರಳು ಕೊನೆಗೆ ಬಿಟ್ಟಿತು. ಆಮೇಲೆ ಅದೇ ನೊರೆಯಲ್ಲಿ ಕೊನೆಯ ಸಲ ಮುಖ ಕ್ಷೌರ ಮಾಡಿದ. ಸಿಸಿಲಿಯಾ ಎಲ್ಲವನ್ನೂ ನಿಂತು ನೋಡಿದಳು. ಅವಳ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಚರ್ಚಿನಲ್ಲೂ ಇಲ್ಲ, ಸಮಾಧಿಯ ಹತ್ತಿರವೂ ಇಲ್ಲ. ಗಟ್ಟಿ ಹೆಂಗಸು ಎಂದರು ಜನ.

ತಿಂಗಳಾದ ಮೇಲೆ ಅವಳು ನನ್ನನ್ನು ತುಳಸಿರಾಮನಿಗೆ ಕೊಟ್ಟಳು. "ಅಪ್ಪಂಗೆ ನಿಮ್ಮ ಕೈ ಅಂದ್ರೆ ಇಷ್ಟ ತುಳಸಣ್ಣ. ನೀವೂ ಗಾಳ ಹಾಕ್ತೀರಂತಲ್ಲ, ಇಟ್ಕೊಳ್ಳಿ" ಎಂದಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಬುಡದೊಳಗಿನ ಮೊಳೆಗಳನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ. ಮಂಗಳವಾರ ತುಳಸಿರಾಮ ಸೈಕಲ್ಲಿಗೆ ನನ್ನನ್ನು ಕಟ್ಟಿಕೊಂಡು ಅದೇ ಮಡುವಿಗೆ ಬಂದ. ಕೈ ನನ್ನ ಮೇಲೆ ಬಿದ್ದಾಗ ಮೊದಲು ಗೊಂದಲವಾಯಿತು. ಈ ಕೈ ಚುರುಕು, ತೆಳ್ಳಗೆ, ಸೋಪಿನ ಘಮ. ಹಿಡಿತವೂ ನಾಲ್ಕು ಬೆರಳು ಮುಂದೆ. ಬಿರಡೆಯ ಹಿಡಿಕೆಯಲ್ಲಿ ಆರು ವರ್ಷದ ತಗ್ಗು ಬಿದ್ದಿತ್ತಲ್ಲ, ಅವನ ಕೈ ಸ್ವಲ್ಪ ಹೊತ್ತಿಗೆ ತಾನಾಗಿ ಜಾರಿ ಅಲ್ಲಿಗೇ ಬಂದು ಕೂತಿತು. ಅಲ್ಲಿ ಕೂತರೆ ನಾನು ಸಮ. ಹಿಡಿಯಬೇಕಾದ್ದಿಲ್ಲ, ಬಿಗಿಯಬೇಕಾದ್ದಿಲ್ಲ. ಕೈಗೆ ಮಾಡಲು ಕೆಲಸವೇ ಇಲ್ಲ. ಸುಮ್ಮನೆ ಕೂತ ಕೈಗೆ ನಾನು ನನಗೆ ಗೊತ್ತಿದ್ದುದನ್ನು ಹೇಳಿಕೊಟ್ಟೆ. ಹೊತ್ತು ಇಳಿಯುವಷ್ಟರಲ್ಲಿ ಅವನ ಹೆಬ್ಬೆರಳು ತೋರುಬೆರಳ ಮೇಲೆ ಮೂರು ಸಲ ಉರುಳಿತು. ಅವನು ಗಮನಿಸಲಿಲ್ಲ. ಅವನಿಗೆ ನಾಲ್ಕು ಗೆಂಡೆ ಸಿಕ್ಕಿದ್ದವು.

ಬುಧವಾರದ ಮೊದಲ ಗಿರಾಕಿಯ ಕಿವಿಯ ಹಿಂದೆ ಸಣ್ಣ ಗೀರು ಬಿತ್ತು. ಇಪ್ಪತ್ತು ವರ್ಷದಲ್ಲಿ ಅವನ ಕತ್ತಿ ಹಾಗೆ ತಪ್ಪಿದ್ದಿಲ್ಲ. ನಿದ್ದೆ ಕಡಿಮೆಯಾಯಿತೆಂದು ನಕ್ಕುಬಿಟ್ಟ. ಮುಂದಿನ ವಾರ ಬುಧವಾರವಿಡೀ ಕೈ ಸೋತಿತು. ತಿಂಗಳು ಕಳೆಯುವಷ್ಟರಲ್ಲಿ ಗುರುವಾರಕ್ಕೂ ಮುಂದುವರಿಯಿತು. ಯುಗಾದಿಯ ಹೊತ್ತಿಗೆ ಮಂಗಳವಾರದಿಂದ ಶನಿವಾರದವರೆಗೆ ಆ ಕೈ ಅವನದಾಗಿರಲಿಲ್ಲ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತಿದರೆ ಕೈ ನಡುದಾರಿಯಲ್ಲಿ ನಿಂತುಬಿಡುವುದು. ಹೆಬ್ಬೆರಳು ಕತ್ತಿಯ ಹಿಡಿಯ ಮೇಲೆ ಉರುಳುವುದು. ಅಲಗು ಗಿರಾಕಿಯ ಗಂಟಲಿನ ಮೇಲೆ ತಿರುಗುವುದು.

ಡಾಕ್ಟರಿಗೆ ತೋರಿಸಿದ. ನರ ಚೆನ್ನಾಗಿದೆ ಎಂದರು. ಅವನ ಹೆಂಡತಿ ಸಾಕಮ್ಮ ಮೊದಲ ದಿನದಿಂದ ನನ್ನನ್ನು ಕಂಡರೆ ಉರಿದುಬೀಳುತ್ತಿದ್ದಳು.

"ಹೆಣದ ಕೈಯಿಂದ ಕಿತ್ತ ಕೋಲು ಅದು. ಒಲೇಗಾದ್ರೂ ಹಾಕು, ಹೊಳೇಗಾದ್ರೂ ಎಸಿ" ಎಂದಳು.

"ಕೋಲೇನ್ ಮಾಡ್ತದೆ, ಸುಮ್ನಿರು" ಎಂದ ಅವನು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು. ಅವಳ ಸಮಾಧಾನಕ್ಕೆ ಒಂದು ಮಂಗಳವಾರ ನನ್ನನ್ನು ಗೋಡೆಗೆ ಒರಗಿಸಿ ಮನೆಯಲ್ಲೇ ಉಳಿದ. ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಒರಗಿದ್ದ. ನಾಲ್ಕು ಗಂಟೆಗೆ ಅವನ ಬಲಗೈ ತಾನಾಗಿ ಎದ್ದಿತು. ಮೊಣಕೈ ಮಂಡಿಗೆ ಊರಿತು. ಬೆರಳುಗಳು ಏನನ್ನೋ ಹಿಡಿದ ಹಾಗೆ ಬಾಗಿ, ಬೀದಿಯ ಕಡೆಗೆ ಸಮನಾಗಿ ಚಾಚಿ ನಿಂತವು. ಸಾಕಮ್ಮ ಮೊರದಲ್ಲಿದ್ದ ಅಕ್ಕಿ ಚೆಲ್ಲಿ ಕಿರುಚಿದಳು. ಅವನು ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದುಕೊಂಡು ಹೊತ್ತು ಮುಳುಗುವವರೆಗೆ ಕೂತಿದ್ದ. ಗೋಡೆಗೆ ಒರಗಿದ್ದ ನನಗೆ, ನಿಜ ಹೇಳಬೇಕೆಂದರೆ, ಸಂತೋಷವಾಗಿತ್ತು. ನನ್ನ ಕೈ ನನ್ನನ್ನು ಮರೆತಿರಲಿಲ್ಲ.

ಸಿಸಿಲಿಯಾ ಅವನ ಅಂಗಡಿಯ ಮುಂದೆಯೇ ಶಾಲೆಗೆ ಹೋಗುವವಳು. ಒಂದು ದಿನ ಬಾಗಿಲಾಚೆ ಗಕ್ಕನೆ ನಿಂತಳು. ಕತ್ತರಿ ಹಿಡಿದಿದ್ದ ತುಳಸಿರಾಮನ ಹೆಬ್ಬೆರಳನ್ನು ನೋಡುತ್ತ ಶಾಲೆಯ ಗಂಟೆ ಹೊಡೆದು ಮುಗಿಯುವವರೆಗೆ ನಿಂತಳು. ಮುಂದಿನ ಮಂಗಳವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ ಮಡುವಿನ ಬಂಡೆಗೆ ಬಂದಳು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಪಕ್ಕದಲ್ಲಿ ಕೂತಳು. ತುಳಸಿರಾಮನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದಳು. ಅದಾದ ಮೇಲೆ ಪ್ರತಿ ಮಂಗಳವಾರ ಬಂದಳು. ಶಾಲೆಯ ಸುದ್ದಿಯನ್ನು ಕೈಗೆ ಹೇಳಿದಳು. ಪಾಪ, ಕೈಯ ಹಿಂದೆ ಕೂತಿದ್ದ ಮನುಷ್ಯ ಸಂಕೋಚದಿಂದ ನೀರು ನೋಡುತ್ತಿದ್ದ.

ಒಂದು ವಾರ ಅವಳು ನಶ್ಯದ ಡಬ್ಬಿ ತಂದಳು. ಉಳಿದಿದ್ದ ಮೊಳೆಗಳು ಅದರಲ್ಲಿದ್ದವು. ನನ್ನನ್ನು ಬಂಡೆಯ ಮೇಲೆ ಇಡಿಸಿ, ಒಂದು ಮೊಳೆಯನ್ನು ಅವನ ಬೆರಳಿಗೆ ಕೊಟ್ಟಳು. ಹೆಬ್ಬೆರಳು ಗೀರು ಹುಡುಕಿತು, ಮೊಳೆಯನ್ನು ನೆಟ್ಟಗೆ ತಿರುಗಿಸಿತು, ಬಂಡೆಯ ಮೇಲಿಟ್ಟಿತು. ಇನ್ನೊಂದಕ್ಕೆ ಚಾಚಿತು. ತುಳಸಿರಾಮ ಜೀವಮಾನದಲ್ಲಿ ಅಚ್ಚುಕೂಟದ ಹೊಸ್ತಿಲು ತುಳಿದವನಲ್ಲ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಅಪ್ಪಾ, ಅವತ್ತು ನೀನು ಯಾವಾಗ ಹೋದೆ?" ಎಂದು ಅವಳು ಕೈಯನ್ನು ಕೇಳಿದಳು. "ನಾನು ಹೇಳಿದ್ದು ಕೇಳಿಸ್ಕೊಂಡ್ಯಾ? ಎಲ್ಲೀವರೆಗೆ ಕೇಳಿಸ್ಕೊಂಡೆ?"

ಕೈ ಇನ್ನೊಂದು ಮೊಳೆಗೆ ಚಾಚಿತು. ಅವಳು ಕೊಟ್ಟಳು. ಅದನ್ನೂ ಸವರಿ ಸಾಲಿಗಿಟ್ಟಿತು. ಒಂದರ ಪಕ್ಕ ಒಂದು ಕೂತ ಅಕ್ಷರಗಳಲ್ಲಿ ಅರ್ಥವೇನೂ ಇರಲಿಲ್ಲ. ಡಬ್ಬಿ ಖಾಲಿಯಾದ ಮೇಲೂ ಕೈ ಚಾಚಿಯೇ ಇತ್ತು. ಆ ಕೈಗೆ ಕೆಲಸ ಗೊತ್ತಿತ್ತು, ಮಗಳು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದರೆ ತಾನೆ ನಾನು ಅದಕ್ಕೆ ಕಲಿಸುವುದು?

"ಟೀಚರಮ್ಮಾ," ಎಂದ ತುಳಸಿರಾಮ, "ನಾನು ತುಳಸಿರಾಮ. ಇದು ನನ್ನ ಕೈ. ಮೊನ್ನೆ ಶನಿವಾರ ಮಠದ ಸ್ವಾಮಣ್ಣೋರ ಕುತ್ತಿಗೆ ಕುಯ್ದುಬಿಡ್ತಿದ್ದೆ. ಇವತ್ತಿಗೆ ಕತ್ತಿ ಬಿಟ್ಟೆ ನಾನು. ಈ ಕೈ ಬಿಟ್ರೆ ನಂಗೇನಿದೆ ಹೇಳಿ."

ಅವಳು ಮೊದಲ ಸಲ ಅವನ ಮುಖ ನೋಡಿದಳು.

ಮರುದಿನ ಇಬ್ಬರೂ ನನ್ನನ್ನು ದಸ್ತಗೀರ್ ಸಾಬರ ಹತ್ತಿರ ಒಯ್ದರು. ಸಾಬರಿಗೆ ಕಣ್ಣು ಮಂಜಾಗಿತ್ತು. ನನ್ನನ್ನು ಒಂದೇ ಬೆರಳ ಮೇಲೆ ಇಟ್ಟುಕೊಂಡರು. ನಾನು ಎಂದಿನಂತೆ ನಿಂತೆ. ಅವರು ಬುಡದ ಮುಚ್ಚಳವನ್ನು ಬೆರಳಲ್ಲಿ ಸವರಿದರು.

"ತಪ್ಪು ನಂದು," ಎಂದರು ಆಮೇಲೆ. "ನಮ್ಮ ಉಸ್ತಾದ್ ಹೇಳ್ತಿದ್ರು, ಕೋಲಿನ ತುದಿ ಒಂದು ಕೂದಲಷ್ಟು ಭಾರ ಬಿಡ್ಬೇಕು, ಹಿಡಿಯೋ ಕೈಗೆ ಅಷ್ಟಾದ್ರೂ ಕೆಲ್ಸ ಇರ್ಲಿ ಅಂತ. ಕೆಲ್ಸ ಇದ್ರೆ ಕೈ ತನ್ನ ಪಾಡು ತಾನು ನೋಡ್ಕೋತದೆ. ಹತ್ತು ಮೊಳೆಗೇ ಸರಿಯಾಗಿತ್ತು. ಪಾಪ ಕಾಯಿಲೆ ಮನುಷ್ಯ ಅಂತ ಇನ್ನೊಂದು ಹಾಕ್ದೆ. ಅಂಥ ಕೋಲಲ್ಲಿ ಕೈ ಬಂದು ಕೂತ್ಬಿಡ್ತದೆ, ಎದ್ದು ಹೋಗೋದಿಲ್ಲ."

"ಹಂಗಾದ್ರೆ ಒಂದು ತೆಗೀರಿ ಸಾಬ್ರೇ" ಎಂದ ತುಳಸಿರಾಮ.

ಸಾಬರು ಮುಚ್ಚಳಕ್ಕೆ ಕೈ ಹಾಕಿದರು. ಸಿಸಿಲಿಯಾ ನನ್ನನ್ನು ಕಿತ್ತುಕೊಂಡಳು.

"ಬೇಡ. ಇದನ್ನ ನಾನು ವಾಪಸ್ ತಗೊಂಡು ಹೋಗ್ತೀನಿ. ತುಳಸಣ್ಣ ಮುಟ್ಟೋದು ಬೇಡ, ಅವರ ಕೈ ಅವರಿಗೆ ಬರತ್ತೆ."

"ಬರ್ತದೆ ನಿಧಾನಕ್ಕೆ. ನಿಮ್ಮ ಕೈ ಹೋಗ್ತದೆ ಅಮ್ಮಾ" ಎಂದರು ಸಾಬರು.

"ಹೋದ್ರೆ ಹೋಗ್ಲಿ. ನನಗೆ ಎಡಗೈ ಇದೆ."

ಅದು ತ್ಯಾಗವೋ ಆಸೆಯೋ ಇವತ್ತಿಗೂ ನನಗೆ ತಿಳಿದಿಲ್ಲ. ಎರಡೂ ಇದ್ದಿರಬೇಕು. ತುಳಸಿರಾಮನಿಗೆ ಬಂದ ದಾರಿಯಲ್ಲೇ ವಾಸಿಯಾಯಿತು. ಮೊದಲು ಶನಿವಾರ ಬಿಟ್ಟಿತು, ಆಮೇಲೆ ಶುಕ್ರವಾರ, ಗುರುವಾರ. ಆಷಾಢ ಕಳೆಯುವಷ್ಟರಲ್ಲಿ ಅವನು ಮತ್ತೆ ಕತ್ತಿ ಮಸೆದನಂತೆ. ಮೀನಿನ ಚಪಲ ಮಾತ್ರ ಅಲ್ಲಿಗೇ ಬಿಟ್ಟ.

ನಾನು ಸಿಸಿಲಿಯಾಳ ಮನೆಗೆ ಬಂದೆ. ಅವಳು ಹೊಳೆಗೆ ಹೋಗಲಿಲ್ಲ, ಗಾಳ ಕಟ್ಟಲಿಲ್ಲ. ಶಾಲೆಯಿಂದ ಬಂದು ಮುಖ ತೊಳೆದು, ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು ನನ್ನನ್ನು ಬಲಗೈಗೆ ತೆಗೆದುಕೊಳ್ಳುತ್ತಿದ್ದಳು. ಎದುರಿಗೆ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಗಿಡ. ಅವುಗಳ ಮೇಲೆ ನನ್ನನ್ನು ಚಾಚಿಕೊಂಡು ಕತ್ತಲಾಗುವವರೆಗೆ ಕೂರುವಳು. ಮೂರೇ ವಾರಕ್ಕೆ ಕೈ ಬಂತು. ಅವಳು ಎಡಗೈಯಿಂದ ತನ್ನ ಬಲಗೈಯನ್ನು ನೇವರಿಸಿ, "ಬಂದ್ಯಾ ಅಪ್ಪಾ?" ಎಂದಳು. ಶಾಲೆಯಲ್ಲಿ ಎಡಗೈಯಿಂದ ಬೋರ್ಡಿನ ಮೇಲೆ ಬರೆಯಲು ಕಲಿತಳು. ಯಾರಾದರೂ ಕೇಳಿದರೆ ಅಪ್ಪನ ಕಾಯಿಲೆ ನನಗೂ ಬಂದಿದೆ ಎನ್ನುವಳು.

ವರ್ಷಗಳು ಹೀಗೆ ಹೋದವು. ನನಗೆ ಯಾವ ಕೊರತೆಯೂ ಇರಲಿಲ್ಲ. ಗೊತ್ತಿದ್ದ ಕೈ, ಗೊತ್ತಿದ್ದ ತಗ್ಗು, ಮೂರು ಸಲದ ಉರುಳಾಟ. ಆಮೇಲೆ ಒಂದು ಸಂಜೆ ಅವಳು ಏಳಲು ಹೋದಾಗ ಬೆರಳುಗಳು ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಿಟ್ಟವು. ಮರುವಾರ ಇನ್ನೂ ತಡವಾಯಿತು. ಆಮೇಲಾಮೇಲೆ ಅವಳು ನನ್ನನ್ನು ಹಿಡಿದುಕೊಂಡೇ ಒಲೆ ಹಚ್ಚಿ, ಎಡಗೈಯಲ್ಲಿ ನೀರು ಕಾಯಿಸಿ, ಸೋಪು ಹಚ್ಚಿ, ಬೆರಳು ಬಿಡಿಸಿಕೊಳ್ಳಬೇಕಾಯಿತು. ಹೆಬ್ಬೆರಳು ಕೊನೆಗೆ ಬಿಡುತ್ತಿತ್ತು. ಬಿಟ್ಟ ಕೈ ತಣ್ಣಗಿರುತ್ತಿತ್ತು. ಆ ತಣುಪು ನನಗೆ ಪರಿಚಯದ್ದೇ.

ಆಗ ನನಗೆ ತಿಳಿಯಿತು. ನಾನು ಬಾಯಿಪಾಠ ಮಾಡಿದ್ದ ಕೈಗೆ ಒಂದು ಕೊನೆಯಿತ್ತು. ಅವರ ಕೈಯನ್ನು ಹೇಳಿಕೊಡುತ್ತ ಹೇಳಿಕೊಡುತ್ತ ನಾನು ಆ ಕೊನೆಯ ಪಾಠಕ್ಕೆ ಬಂದಿದ್ದೆ. ಬಂಡೆಯ ಮೇಲಿನ ಆ ಅರ್ಧ ಗಂಟೆಯೂ ನನಗೆ ಬಾಯಿಪಾಠವಿತ್ತಲ್ಲ. ಮುಂದೊಂದು ಸಂಜೆ ಬೆರಳುಗಳು ಬಿಡುವುದೇ ಇಲ್ಲ. ತಣುಪು ಮೊಣಕೈ ದಾಟಿ ಭುಜಕ್ಕೆ ಏರುತ್ತದೆ. ನನ್ನ ತುದಿ ಸೀಬೆ ಗಿಡದ ಕಡೆಗೆ ಸಮನಾಗಿಯೇ ಇರುತ್ತದೆ. ಅವಳಿಗೂ ಇದು ಗೊತ್ತಿತ್ತೆಂದು ನನ್ನ ನಂಬಿಕೆ. ಗೊತ್ತಿದ್ದೇ ಬಂದು ಕೂರುತ್ತಿದ್ದಳು. ನನಗೆ ಭಯವಾಯಿತು. ಬಾಯಿಲ್ಲದ ಬಿದಿರು ಭಯಪಟ್ಟು ಮಾಡುವುದೇನು?

ಅದೇ ಮಳೆಗಾಲದಲ್ಲಿ ನನ್ನ ತುದಿಗೆ ಹುಳು ಬಿತ್ತು. ಬಿದಿರು ಕೊರೆಯುವ ಹುಳು ಸಾಸಿವೆ ಕಾಳಿಗಿಂತ ಸಣ್ಣದು. ಹೆರೆದು ಮೆರುಗೆಣ್ಣೆ ಹಚ್ಚಿದ ಮೈಯೆಂದು ನನಗಿದ್ದ ಜಂಬ ಅದಕ್ಕೇನು ಗೊತ್ತು? ಒಳಗೊಳಗೇ ತಿಂದಿತು. ಪ್ರತಿ ಬೆಳಗ್ಗೆ ನೆಲದ ಮೇಲೆ ಒಂದು ಚಿಟಿಕೆ ಹಳದಿ ಪುಡಿ. ನೋವಿತ್ತು, ಆದರೆ ತಿನ್ನು ಎಂದೆ.

ತುದಿ ಹಗುರಾದರೆ ಬುಡ ಭಾರವಾಗುತ್ತದೆ. ಸಿಸಿಲಿಯಾ ಒಂದು ದಿನ ನನ್ನನ್ನು ಹಿಡಿದಾಗ ಬುಡ ಅವಳ ಮಡಿಲ ಕಡೆಗೆ ವಾಲಿತು. ಅವಳು ಗಾಬರಿಯಾದಳು. ಮುಚ್ಚಳ ಬಿಚ್ಚಿ ಒಂದು ಮೊಳೆ ತೆಗೆದಳು. ಸಮವಾಯಿತು, ಕೈ ಬಂತು. ತಿಂಗಳಿಗೆ ಇನ್ನೊಂದು ತೆಗೆಯಬೇಕಾಯಿತು. ಸೀಮೆಎಣ್ಣೆ ಸವರಿ ಹುಳು ಕೊಲ್ಲಲು ನೋಡಿದಳು. ಅವು ಇನ್ನೂ ಒಳಗೆ ಹೋದವು. ದೀಪಾವಳಿಗೆ ಉಳಿದದ್ದು ಆರು ಮೊಳೆ, ಕ್ರಿಸ್ಮಸ್ಸಿಗೆ ಮೂರು. ಇತ್ತ ಮೊಳೆಗಳು ಕಡಿಮೆಯಾಗುತ್ತಿದ್ದವು, ಅತ್ತ ಬೆರಳು ಬಿಡಿಸುವ ಹೊತ್ತು ಉದ್ದವಾಗುತ್ತಿತ್ತು. ಯಾವುದು ಮೊದಲು ಮುಗಿಯುತ್ತದೋ ಎಂದು ನಾನು ಕಾಯುತ್ತಿದ್ದೆ. ಫೆಬ್ರವರಿಯಲ್ಲಿ ಕೊನೆಯ ಮೊಳೆಯನ್ನೂ ತೆಗೆದಳು. ಆ ಸಂಜೆ ಬೆರಳು ಬಿಡಲು ಒಂದೂವರೆ ಗಂಟೆಯಾಯಿತು. ಅವಳ ತುಟಿ ನೀಲಿಯಾಗಿತ್ತು.

ನಾಲ್ಕು ದಿನ ಕಳೆದು ಬುಡ ಮತ್ತೆ ವಾಲಿತು. ತೆಗೆಯಲು ಇನ್ನೇನೂ ಉಳಿದಿರಲಿಲ್ಲ. ಬುಡದಿಂದ ತೆಗೆಯಲಾಗದಿದ್ದರೆ ತುದಿಗೆ ಸೇರಿಸಬೇಕು. ಅವಳು ಒಳಗೆ ಹೋಗಿ ಇನ್ನಾಸಪ್ಪನವರ ಜಪಸರ ತಂದಳು. ಮಣಿಗಳದ್ದು, ಹಗುರ. ನನ್ನ ತುದಿಯ ಉಂಗುರಕ್ಕೆ ಅದನ್ನು ಸುತ್ತಿ ಕಟ್ಟಿ, ಮೆಟ್ಟಿಲ ಮೇಲೆ ಕೂತು, ನನ್ನನ್ನು ಎತ್ತಿ ಚಾಚಿದಳು.

ಒಂದು ಗಳಿಗೆ ನಾನು ಸಮವಾದೆ. ಹೆಬ್ಬೆರಳು ಒಮ್ಮೆ ಉರುಳಿತು. ಎರಡನೆಯ ಸಲ ಉರುಳುತ್ತಿದ್ದಂತೆ ನನ್ನ ತುದಿ ಚಿಟ್ಟೆಂದಿತು. ಒಂದೂವರೆ ಗೇಣು ಬಿದಿರು ಪುಡಿ ಉದುರಿಸುತ್ತ ಜಪಸರದ ಸಮೇತ ಕಲ್ಲಿನ ಮೇಲೆ ಬಿತ್ತು. ತುದಿ ಹೋದ ನಾನು ಬುಡ ಕೆಳಗಾಗಿ, ಆ ಸೋತ ಬೆರಳುಗಳಿಂದ ಜಾರಿದೆ.

ನೆಲ ಮುಟ್ಟಲಿಲ್ಲ. ಒಂದು ಕೈ ನನ್ನನ್ನು ಗಪ್ಪನೆ ಹಿಡಿಯಿತು. ಚುರುಕಾದ, ಬಿಸಿಯಾದ, ಸೀಮೆಸುಣ್ಣಕ್ಕೆ ಒಣಗಿದ ಅಂಗೈ. ತಗ್ಗಿನಲ್ಲಿ ಕೂರಲಿಲ್ಲ, ಎಲ್ಲಿ ಸಿಕ್ಕಿತೋ ಅಲ್ಲಿ ಬಿಗಿಯಾಗಿ ಹಿಡಿದಿತ್ತು. ಉಗುರು ಬಿರಡೆಯೊಳಗೆ ಇಳಿದಿತ್ತು. ಇದು ಯಾರ ಕೈ ಎಂದು ನಾನು ಬೆದರಿದೆ. ಇಷ್ಟು ವರ್ಷ ದಿನವೂ ನನ್ನನ್ನು ಎತ್ತಿಕೊಂಡವಳ ಕೈಯನ್ನು ನಾನು ಒಮ್ಮೆಯೂ ಮುಟ್ಟಿ ತಿಳಿದಿರಲಿಲ್ಲ.

ಸಿಸಿಲಿಯಾ ತನ್ನ ಬಲಗೈಯನ್ನು ನೋಡಿದಳು. ಬೆರಳು ಬಿಡಿಸಿ ನೋಡಿದಳು, ಮಡಿಸಿ ನೋಡಿದಳು. ಹೆಬ್ಬೆರಳು ಸುಮ್ಮನಿತ್ತು. "ಅಪ್ಪಾ?" ಎಂದಳು. ಕಾದಳು. ಇನ್ನೊಮ್ಮೆ ಕರೆದಳು. ಸೀಬೆ ಗಿಡದಲ್ಲಿ ಗುಬ್ಬಿಗಳು ಗದ್ದಲ ಮಾಡುತ್ತಿದ್ದವು.

ಆಮೇಲೆ ಅವಳು ಅತ್ತಳು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಯಾರು ಹೋದರು ಎಂದು ಕೇಳುವ ಹಾಗೆ ಅತ್ತಳು. "ಅಪ್ಪ ಹೋಗ್ಬಿಟ್ರು" ಎಂದಳು ಅವರಿಗೆ. ಇನ್ನಾಸಪ್ಪ ತೀರಿಹೋಗಿ ಆಗಲೇ ಹನ್ನೆರಡು ವರ್ಷ ಆಗಿತ್ತು. ಪಕ್ಕದ ಮನೆಯ ಹೆಂಗಸು ಏನನ್ನೂ ಕೇಳದೆ ಬಂದು ಅವಳ ತಲೆಯನ್ನು ಎದೆಗೊರಗಿಸಿಕೊಂಡು ಕೂತಳು.

ಈಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೇನೆ. ಎತ್ತರದ ಗವಾಕ್ಷಿಯ ಬಾಗಿಲು ತಳ್ಳಲು ಬೆಳಗ್ಗೆ ಒಮ್ಮೆ ನನ್ನನ್ನು ಎತ್ತುತ್ತಾಳೆ. ಆ ಕೆಲಸಕ್ಕೆ ನಾನು ಸರಿಯಾಗಿಲ್ಲ. ಬುಡ ಎಳೆಯುತ್ತದೆ, ಅವಳು ಗೊಣಗುತ್ತಾಳೆ, ತೋಳಿನ ನರ ಬಿಗಿದು ಎತ್ತಬೇಕಾಗುತ್ತದೆ. ಕೆಲಸ ಮುಗಿದ ಕೂಡಲೇ ಒರಗಿಸಿಬಿಡುತ್ತಾಳೆ, ಒಂದು ಗಳಿಗೆ ಹೆಚ್ಚು ಹಿಡಿಯುವುದಿಲ್ಲ. ಹಳೆಯ ಕೈ ನನಗೆ ಮರೆತಿಲ್ಲ. ಬಾಯಿಪಾಠ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಯಾರಾದರೂ ನನ್ನನ್ನು ಸಮನಾಗಿ ಹಿಡಿದು ಸುಮ್ಮನೆ ಕೂತರೆ ಮತ್ತೆ ಹೇಳಿಕೊಟ್ಟುಬಿಡುತ್ತೇನೇನೋ ಎಂಬ ಭಯ ನನಗೇ ಇದೆ. ಅದಕ್ಕೇ ಹುಳುಗಳಿಗೆ ದಿನವೂ ಹೇಳುತ್ತೇನೆ, ನಿಧಾನ ಮಾಡಬೇಡಿ, ಹಿಡಿಕೆಯವರೆಗೂ ಬನ್ನಿ ಎಂದು.